ಯಾವ ಮಹಡಿಯ ಉಪ್ಪು?

ಒಳಕೋಣೆಯಿಂದ ಭಾವ “ಅಮೆ! ಅಮೆ!” ಎಂದು ಕೂಗಿದ್ದು, ಅಕ್ಕನ ಮನೆಗೆ ಬಂದಿದ್ದ ಮೈದುನನ ಕಿವಿಗೆ ಆಮೆಯಾಗಿ ಬಿತ್ತು; ಊರವರ ಸೊಂಟವನ್ನೆಲ್ಲ ಅಳೆಯುವ ಆ ದರ್ಜಿ ತನ್ನ ಹೊಟ್ಟೆಯ ಸುತ್ತಳತೆ ಮರೆತು, ಪೊರಕೆ ಹಿಡಿದು ಮಂಚದಡಿ ನುಗ್ಗಿ ಅಲ್ಲೇ ಸಿಕ್ಕಿಕೊಂಡ. “ಆಮೆ ಅಲ್ಲಯ್ಯಾ, ಜಪಾನೀ ಭಾಷೆ. ದನಿ ಇಳಿದ್ರೆ ಮಳೆ, ಏರಿದ್ರೆ ಮಿಠಾಯಿ” ಎಂದು ಭಾವ ಅವನ ಕಾಲು ಹಿಡಿದೆಳೆಯುತ್ತಲೇ ಪಾಠ ಮಾಡಿದರು. ಲಿಫ್ಟ್ ರಿಪೇರಿ ಮಾಡುವ ಈ ಭಾವನಿಗೆ, ಮಗಳು ಜಪಾನಿನವನನ್ನು ಮದುವೆಯಾದಾಗಿನಿಂದ ಇದೇ ಗೀಳು. ದನಿಯ ಜೊತೆ ಕೈಯೂ ಮೇಲೆ ಕೆಳಗೆ ಹೋಗುವುದರಿಂದ, ಅವರು ಪದಗಳನ್ನು ಉರುಹೊಡೆಯುತ್ತ ಬೀದಿಗಿಳಿದರೆ ಬಸ್ಸುಗಳು ಸುಮ್ಮಸುಮ್ಮನೆ ನಿಲ್ಲುತ್ತವೆ. ರೋಗ ಈಗ ಕನ್ನಡಕ್ಕೂ ಅಂಟಿದೆ, ಊಟಕ್ಕೆ ಕೂತು ರಾಗವಾಗಿ ಉಪ್ಪು ಕೇಳಿದರೆ ಅಕ್ಕ, “ಯಾವ ಮಹಡಿಯ ಉಪ್ಪು ಬೇಕು?” ಎನ್ನುತ್ತಾಳೆ. ಆದರೆ ಅಳಿಯನ ತಾಯಿ, ಅಂದರೆ ಬೀಗಿತ್ತಿ, ಗಂಡ ತೀರಿಕೊಂಡ ಮೇಲೆ ಫೋನಿನಲ್ಲಿ “ಹೂಂ” ಬಿಟ್ಟು ಬೇರೆ ಮಾತಾಡಿರಲಿಲ್ಲ. ಮೊನ್ನೆ ಭಾವ ಆಕೆಗೆ, ‘ನಾನು ದಿನಾ ಸೇತುವೆ ದಾಟಿ ಕೆಲಸಕ್ಕೆ ಹೋಗ್ತೀನಿ’ ಎನ್ನಲು ಹೊರಟು, “ಹಾಶಿ” ಎಂಬಲ್ಲಿ ದನಿಯನ್ನು ಏರಿಸುವ ಬದಲು ಇಳಿಸಿ, ಊಟ ಮಾಡುವ ಕಡ್ಡಿ ದಾಟಿ ಹೋಗುತ್ತೇನೆ ಎಂದುಬಿಟ್ಟರು. ಆಕೆ ಬಿದ್ದು ಬಿದ್ದು ನಕ್ಕರಂತೆ. ಪಕ್ಕದಲ್ಲಿದ್ದ ಅಳಿಯ ಕಣ್ಣೊರೆಸಿಕೊಂಡನಂತೆ. ಇವತ್ತು ಸಂಜೆ ಮತ್ತೆ ಫೋನು ಬರಲಿದೆ. ಬೆಳಗಿನಿಂದಲೂ ಭಾವ ಸೇತುವೆಯನ್ನು ಕಡ್ಡಿಯಾಗಿಯೇ ಹೇಳುತ್ತಿರುವುದನ್ನು ಕೇಳಿ ಕೇಳಿ ಸಾಕಾದ ಮೈದುನ, “ಸರಿಯಾದ್ದು ಇನ್ನೂ ಬಾಯಿಗೆ ಬಂದಿಲ್ವಾ ಭಾವಾ?” ಎಂದ. “ಬಂದ್ಬಿಟ್ಟಿದೆ ಕಣಯ್ಯಾ, ಅದೇ ತೊಂದರೆ” ಎಂದರು ಭಾವ. “ತಪ್ಪು ಮರೆತುಹೋಗ್ತಿದೆ.”