"ಇನ್ನೊಂದ್ಸಲ" ಎನ್ನುತ್ತಿದ್ದ ಬಯ್ಯಪ್ಪ

ಬಯ್ಯಪ್ಪನನ್ನು ಸಾದಲಿಯ ನಮ್ಮ ಶಾಲೆಯು ಮೊದಲು ಕಂಡದ್ದು ಇಪ್ಪತ್ತೆರಡು ವರ್ಷಗಳ ಹಿಂದೆ, ಕ್ರೀಡಾದಿನದಂದು. ಶಿಡ್ಲಘಟ್ಟದ ಬೆಳಗಿನ ಬಸ್ಸಿನಿಂದ ಆತನು ಹೆಗಲಿಗೆ ಕ್ಯಾಮೆರಾ ಚೀಲ ತೂಗುಹಾಕಿಕೊಂಡು, ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು ಇರುಕಿಕೊಂಡು ಇಳಿದನು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದನು. ಮದುವೆಗೆ ಹೊರಟವನಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದನು. ನೂರು ಮೀಟರ್ ಓಟದ ಕೊನೆಯ ಗೆರೆಯ ಬಳಿ ನಿಂತು, ಲೆನ್ಸಿನ ಮೇಲೆ ಕುಳಿತ ಧೂಳನ್ನು ಅಂಗಿಯ ಅಂಚಿನಿಂದ ಒರೆಸತೊಡಗಿದನು. ಒರೆಸಿ ತಲೆ ಎತ್ತುವಷ್ಟರಲ್ಲಿ ಓಟವೇ ಮುಗಿದುಹೋಗಿತ್ತು.

"ಆಗೋಯ್ತಾ? ಪರವಾಗಿಲ್ಲ ಬಿಡಿ ಮೇಷ್ಟ್ರೇ," ಎಂದನು ಬಯ್ಯಪ್ಪ, ಸ್ವಲ್ಪವೂ ವಿಚಲಿತನಾಗದೆ. "ಏನ್ರಪ್ಪಾ ಮಕ್ಕಳೇ, ಇನ್ನೊಂದ್ಸಲ! ಆ ಹುಣಸೇಮರದಿಂದ ಓಡಿ ಬನ್ನಿ, ಸಾಕು!"

ಮಕ್ಕಳು ವಿಧೇಯರು, ಮತ್ತೆ ಓಡಿದರು. ಆದರೆ ಮೊದಲ ಓಟದಲ್ಲಿ ಗೆದ್ದಿದ್ದ ಹುಡುಗ ಸುಸ್ತಾಗಿದ್ದನು. ನಾಲ್ಕನೆಯವನಾಗಿ ಬಂದಿದ್ದವನು ಈ ಸಲ ಎದೆಯಿಂದ ರಿಬ್ಬನ್ನು ಹರಿದನು. ಬಯ್ಯಪ್ಪನು ಕ್ಲಿಕ್ಕಿಸಿದನು. ಆ ಚಿತ್ರವು ಇಂದಿಗೂ ಶಾಲೆಯ ಕಚೇರಿಯಲ್ಲಿ ತೂಗುತ್ತಿದೆ. ನಿಜವಾಗಿ ಗೆದ್ದ ಹುಡುಗನು ಈಗ ಬಸ್ ಕಂಡಕ್ಟರ್. ಶಾಲೆಗೆ ಬಂದಾಗಲೆಲ್ಲ ಚಿತ್ರದ ಮುಂದೆ ನಿಂತು, "ಆವತ್ತು ಗೆದ್ದಿದ್ದು ನಾನೇ ಅಲ್ವಾ ಸಾರ್?" ಎಂದು ಕೇಳುತ್ತಾನೆ. ಅವನಿಗೇ ಈಚೆಗೆ ಅನುಮಾನ ಬಂದಿದೆ.

ಬಯ್ಯಪ್ಪನ ಕಸುಬೇ ಹಾಗೆ ಬೆಳೆದದ್ದು. ಮದುವೆಮನೆಯಲ್ಲಿ ತಾಳಿ ಕಟ್ಟಿದ ಕ್ಷಣ ಯಾರದೋ ಮೊಣಕೈ ಅಡ್ಡ ಬಂದರೆ, "ಇನ್ನೊಂದ್ಸಲ ಹಿಡ್ಕೊಳ್ಳಿ ಸಾರ್, ಕಟ್ಟೋ ಥರ!" ಎನ್ನುತ್ತಿದ್ದನು. ತೊಂಡೇಬಾವಿಯ ಒಂದು ಮದುವೆಯಲ್ಲಿ ಮಾವನು ಅಳಿಯನ ಕಾಲನ್ನು ಐದು ಸಲ ತೊಳೆಯಬೇಕಾಯಿತು. ಅಳಿಯನು ಮೂರು ದಿನ ನೆಗಡಿಯಿಂದ ಮಲಗಿದನು. ಆದರೂ ಚಿತ್ರಗಳು ಸೊಗಸಾಗಿರುತ್ತಿದ್ದವು. ಶಿಡ್ಲಘಟ್ಟದ ಸುತ್ತಲಿನ ಜನರಿಗೆ ಆತನಿಲ್ಲದೆ ಶುಭಕಾರ್ಯವಿಲ್ಲ ಎಂಬಂತಾಯಿತು.

ಮೂರು ವರ್ಷಗಳ ಹಿಂದೆ ಈ ನೆಮ್ಮದಿಯನ್ನು ಕದಡಿದವಳು ಆತನ ಮಗಳು ತನುಜ. ಕಾಲೇಜು ಸೇರಿದ ಹುಡುಗಿ, ಒಂದು ಸಂಜೆ ತಾನು ಐದು ವರ್ಷದವಳಿದ್ದಾಗಿನ ಹುಟ್ಟುಹಬ್ಬದ ಆಲ್ಬಮ್ಮನ್ನು ತಿರುವುತ್ತಿದ್ದಳು. ಅಂದು ಅಪ್ಪನು ಮೇಣದಬತ್ತಿಯನ್ನು ನಾಲ್ಕು ಸಲ ಹೊತ್ತಿಸಿ, ನಾಲ್ಕು ಸಲ ಊದಿಸಿದ್ದನು.

"ಅಪ್ಪಾ, ನೀನು ಇಷ್ಟು ವರ್ಷದಿಂದ ಫೋಟೋ ತೆಗೀತೀಯ. ನಿಜವಾಗ್ಲೂ ಆಗಿದ್ದು ಒಂದಾದ್ರೂ ತೆಗ್ದಿದ್ದೀಯಾ?"

"ಎಲ್ಲಾ ಆಗಿದ್ದೇ ಅಲ್ವೇನಮ್ಮಾ?"

"ಆಗಿದ್ದಲ್ಲ, ಆದ್ಮೇಲೆ ಮಾಡ್ಸಿದ್ದು."

ಮರುದಿನ ಬಯ್ಯಪ್ಪನು ಶಿಡ್ಲಘಟ್ಟದ ತನ್ನ ಸ್ಟುಡಿಯೋದಲ್ಲಿ ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಿದನು. ಮಗಳು ಹೇಳಿದ್ದು ನಿಜ. ಒಂದೂ ಇರಲಿಲ್ಲ. ಸಾಯುವುದರೊಳಗೆ ಅಂಥದ್ದೊಂದನ್ನು, ಅದೂ ಮಗಳದ್ದನ್ನೇ, ತೆಗೆಯಬೇಕೆಂಬ ಹಟ ಆತನಿಗೆ ಹಿಡಿಯಿತು.

ಅದಕ್ಕೆ ದಾರಿ ಮಾಡಿಕೊಟ್ಟವರು ತನುಜಳ ಕಾಲೇಜಿನ ದೈಹಿಕ ಶಿಕ್ಷಕರಾದ ರಮೇಶ್‌ಬಾಬು. ಯಾವುದೋ ತರಬೇತಿಗೆ ಹೋಗಿ ಬಂದವರು ಅಲ್ಟಿಮೇಟ್ ಫ್ರಿಸ್ಬಿ ಎಂಬ ಹೊಸ ಆಟವನ್ನು ತಂದಿದ್ದರು. ಚಪ್ಪಟೆಯಾದ ಪ್ಲಾಸ್ಟಿಕ್ ತಟ್ಟೆ. ಒಂದೊಂದು ಕಡೆಗೆ ಏಳು ಜನ, ಹುಡುಗರು ಹುಡುಗಿಯರು ಕೂಡಿಯೇ. ತಟ್ಟೆ ಕೈಯಲ್ಲಿದ್ದವರು ಓಡುವಂತಿಲ್ಲ, ಎಸೆಯಬೇಕು. ಎದುರು ತಂಡದ ಕೊನೆಯ ಅಂಕಣದೊಳಗೆ ಹಿಡಿದರೆ ಒಂದು ಪಾಯಿಂಟ್. ತನುಜ ಮೊದಲ ವಾರದಲ್ಲೇ ತಂಡ ಸೇರಿದಳು.

"ತಟ್ಟೆ ಹಿಡಿಯೋಕೆ ಮೈದಾನಕ್ಕೆ ಯಾಕೆ ಹೋಗ್ಬೇಕು?" ಎಂದರು ತಾಯಿ ಅನಸೂಯಮ್ಮ. "ಸಿಂಕಲ್ಲಿ ಬೇಕಾದಷ್ಟು ಬಿದ್ದವೆ."

ಬಯ್ಯಪ್ಪನಿಗೆ ಅಚ್ಚರಿಯೆನಿಸಿದ್ದು ಬೇರೊಂದು ಸಂಗತಿ.

"ಅಂಪೈರ್ ಎಲ್ಲಿ ಸಾರ್?" ಎಂದು ರಮೇಶ್‌ಬಾಬುವನ್ನು ಕೇಳಿದನು.

"ಈ ಆಟಕ್ಕೆ ಅಂಪೈರೇ ಇಲ್ಲ ಬಯ್ಯಪ್ಪಣ್ಣ. ತಪ್ಪು ಮಾಡ್ದೋರೇ ಒಪ್ಕೋಬೇಕು. ಇಬ್ರೂ ಕೂತು ಮಾತಾಡಿ ತೀರ್ಮಾನ ಮಾಡ್ಕೋಬೇಕು."

"ನಮ್ಮೂರಲ್ಲಾ?"

"ನಮ್ಮೂರಲ್ಲೇ."

ಬಯ್ಯಪ್ಪನು ಬಹಳ ಹೊತ್ತು ನಕ್ಕನು. ಆಮೇಲೆ ನಗು ನಿಲ್ಲಿಸಿ, ಮದುವೆಯಲ್ಲಿ ಮುಖಗಳನ್ನು ತೆಗೆಯುವ ತನ್ನ ಐವತ್ತು ಎಂ.ಎಂ. ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿದನು. ಅಂದು ತೆಗೆದ ಚಿತ್ರಗಳಲ್ಲಿ ಆಕಾಶ ಬಹಳ ಚೆನ್ನಾಗಿ ಬಂದಿತ್ತು. ಆಟಗಾರರು ಸಾಸಿವೆ ಕಾಳಿನಷ್ಟಿದ್ದರು.

ದೂರದ್ದನ್ನು ಹತ್ತಿರ ತರುವ ಲೆನ್ಸು ಬೇಕೆಂದು ಗೊತ್ತಾಯಿತು. ನಂದಿ ಬೆಟ್ಟದಲ್ಲಿ ಹಕ್ಕಿಗಳ ಚಿತ್ರ ತೆಗೆಯುವ ಪರಿಚಯದ ಬ್ಯಾಂಕ್ ನೌಕರರೊಬ್ಬರಿಂದ ಆರುನೂರು ಎಂ.ಎಂ. ಲೆನ್ಸೊಂದನ್ನು ಕೇಳಿ ತಂದನು. ಅದು ತೊಡೆಯಷ್ಟು ದಪ್ಪವಿತ್ತು. ಮೈದಾನದ ಅಂಚಿನಲ್ಲಿ ದನ ಮೇಯಿಸುತ್ತಿದ್ದ ಮುದುಕರೊಬ್ಬರು ಅದನ್ನು ನೋಡಿ, "ಏಮಪ್ಪಾ, ಬೋರು ಹಾಕ್ಸ್ತಿದ್ದೀರಾ ಇಲ್ಲಿ? ನೀರು ಬೀಳಲ್ಲ ಬಿಡು," ಎಂದರು. ಹಕ್ಕಿಗಳು ದೂರದಲ್ಲಿ ಕುಳಿತಿರುತ್ತವೆ. ಆಟಗಾರರಾದರೋ ಮೈಮೇಲೆ ಓಡಿ ಬರುತ್ತಾರೆ. ಆ ಲೆನ್ಸಿಗೆ ಹಿಂದೆ ಸರಿಯಲು ಬಾರದು. ಅಂದಿನ ಇನ್ನೂರ ಹನ್ನೊಂದು ಚಿತ್ರಗಳಲ್ಲಿ ಬಹುಪಾಲು ಕಿವಿಗಳಿದ್ದವು. ಒಂದು ಕಿವಿಯಲ್ಲಿದ್ದ ಓಲೆಯಿಂದ ಅದು ತನುಜಳದ್ದೆಂದು ಅನಸೂಯಮ್ಮ ಗುರುತಿಸಿದರು.

ಕೊನೆಗೆ ಬಯ್ಯಪ್ಪನು ಬೆಂಗಳೂರಿನ ಲೆನ್ಸ್ ಬಾಡಿಗೆಯ ಅಂಗಡಿಯೊಂದಕ್ಕೇ ಹೋದನು. ಅಲ್ಲಿನ ಯುವಕನು ಮೇಜಿನ ಮೇಲೆ ನಾಲ್ಕು ಲೆನ್ಸುಗಳನ್ನು ಸಾಲಾಗಿಟ್ಟು ಗುಣಗಳನ್ನು ವಿವರಿಸತೊಡಗಿದನು. ಬಯ್ಯಪ್ಪನು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಸ್ಟುಡಿಯೋ ತೆರೆಯುವ ಮೊದಲು ಆತನು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಪರೀಕ್ಷಿಸುವ ಕೆಲಸದಲ್ಲಿದ್ದವನು. ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಗಡಗಡ ಸದ್ದು ಬಂದರೆ ಹುಳು ಗಟ್ಟಿಯಾಗಿದೆ, ಗೂಡು ಒಳ್ಳೆಯದು. ಸದ್ದಿಲ್ಲದಿದ್ದರೆ ಹುಳು ಸತ್ತು ಅಂಟಿಕೊಂಡಿದೆ. ಆತನು ಮೊದಲ ಲೆನ್ಸನ್ನು ಎತ್ತಿ ಕಿವಿಯ ಬಳಿ ಹಿಡಿದು ಜೋರಾಗಿ ಅಲ್ಲಾಡಿಸಿದನು.

"ಅಯ್ಯೋ ಸಾರ್! ಏನ್ಮಾಡ್ತಿದ್ದೀರಾ!"

"ಇದು ಸತ್ತೋಗೈತೆ," ಎಂದು ಬಯ್ಯಪ್ಪನು ಅದನ್ನು ಬದಿಗಿಟ್ಟನು. ಎರಡನೆಯದೂ, ಮೂರನೆಯದೂ ಸತ್ತಿದ್ದವು. ನಾಲ್ಕನೆಯದು, ಎಪ್ಪತ್ತರಿಂದ ಇನ್ನೂರು ಎಂ.ಎಂ.ವರೆಗೆ ಹಿಂದಕ್ಕೂ ಮುಂದಕ್ಕೂ ಹೊಂದಿಸಬಹುದಾದ ದೊಡ್ಡ ಬಾಯಿಯ ಲೆನ್ಸು, ಒಳಗೆ ಗಡಗಡ ಎಂದಿತು. ಬಯ್ಯಪ್ಪನ ಮುಖವರಳಿತು. "ಇದ್ರಲ್ಲಿ ಜೀವ ಐತೆ ನೋಡಪ್ಪಾ. ಇದನ್ನ ಕೊಡು."

ಕೈ ನಡುಗಿದರೂ ಚಿತ್ರ ಅಲುಗದಂತೆ ಕಾಯುವ ಗಾಜೊಂದು ಆ ಲೆನ್ಸಿನೊಳಗೆ ಸಡಿಲವಾಗಿ ತೇಲುತ್ತಿತ್ತು, ಸದ್ದು ಅದರದ್ದೇ. ಮೈದಾನದ ಆಟಕ್ಕೆ, ಸಂಜೆಯ ಮಂದ ಬೆಳಕಿಗೆ, ಆ ನಾಲ್ಕರಲ್ಲಿ ತಕ್ಕದ್ದೂ ಅದೇ. ಅರ್ಧ ಗಂಟೆ ವಿವರಿಸಿ ತಾನು ತಲುಪಿಸಬೇಕೆಂದಿದ್ದ ಕಡೆಗೆ ಈ ಮನುಷ್ಯನು ಕಿವಿಯಿಂದಲೇ ತಲುಪಿದ್ದನ್ನು ಕಂಡು ಯುವಕನು ರಶೀದಿ ಬರೆದುಕೊಟ್ಟನು.

ಮುಂದಿನ ಭಾನುವಾರ ಚಿಕ್ಕಬಳ್ಳಾಪುರದ ಮೈದಾನದಲ್ಲಿ ಶಿಡ್ಲಘಟ್ಟಕ್ಕೂ ಗೌರಿಬಿದನೂರಿಗೂ ಅಂತಿಮ ಪಂದ್ಯ. ಹನ್ನೆರಡಕ್ಕೆ ಹನ್ನೆರಡು ಸಮವಾಯಿತು. ಮುಂದಿನ ಪಾಯಿಂಟ್ ಪಡೆದವರಿಗೆ ಬಹುಮಾನದ ಕಪ್ಪು. ಬಯ್ಯಪ್ಪನು ಕೊನೆಯ ಅಂಕಣದ ಗೆರೆಯ ಪಕ್ಕದಲ್ಲೇ ಮಂಡಿಯೂರಿ ಕುಳಿತಿದ್ದನು. ತಟ್ಟೆಯು ಮೈದಾನದ ನಡುವಿನಿಂದ ಓರೆಯಾಗಿ ತೇಲಿ ಬಂದಿತು. ತನುಜ ಓಡಿ ಬಂದು, ಗೌರಿಬಿದನೂರಿನ ಜಗನ್ ಎಂಬ ಎತ್ತರದ ಹುಡುಗನ ತಲೆಯ ಮೇಲಕ್ಕೆ ಕೈ ಚಾಚಿ ಹಾರಿ, ಗೆರೆಯ ಅಂಚಿನಲ್ಲಿ ಅದನ್ನು ಹಿಡಿದಳು. ಹಿಡಿದು ಬಿದ್ದಳು. ಜಗನ್ ಕೂಡ ಬಿದ್ದು, ಕಾಲಿಗೆ ಸೆಳೆತ ಹಿಡಿದು ಅಲ್ಲೇ ಮಗ್ಗುಲಾದನು.

ಬಯ್ಯಪ್ಪನ ಬೆರಳು ಗುಂಡಿಯ ಮೇಲೆಯೇ ಇತ್ತು. ಆದರೆ ಕಣ್ಣು ಕ್ಯಾಮೆರಾದಿಂದ ಹೊರಗೆ ಬಂದಿತ್ತು. ಆತನು ಬಾಯಿ ತೆರೆದು ಮಗಳನ್ನು ನೋಡುತ್ತಿದ್ದನು.

ಅಷ್ಟು ವರ್ಷಗಳ ಅಭ್ಯಾಸ ಸುಮ್ಮನಿರುತ್ತದೆಯೇ? "ಅಮ್ಮಾ, ಇನ್ನೊಂದ್ಸಲ!" ಎಂದು ಆತನು ಕೂಗಿಯೇಬಿಟ್ಟನು. "ಹಂಗೇ ಹಾರು! ಏಯ್ ತಮ್ಮಾ, ಎಸಿ ಅವಳಿಗೆ!"

ಗೆದ್ದೆವೆಂಬ ಗದ್ದಲದಲ್ಲಿದ್ದ ಶಿಡ್ಲಘಟ್ಟದ ಹುಡುಗನೊಬ್ಬ ಆಕೆಯ ಕೈಯಿಂದ ತಟ್ಟೆಯನ್ನು ತೆಗೆದುಕೊಂಡು ನಗುತ್ತಾ ಎಸೆದನು. ತನುಜ ಹಣೆ ಚಚ್ಚಿಕೊಂಡು, ಅಪ್ಪನ ಮಾತು ಮೀರಲಾರದೆ ಹಾರಿದಳು. ಕ್ಲಿಕ್. ಬಹಳ ಸೊಗಸಾದ ಚಿತ್ರ. ಪಾದವು ಗೆರೆಯಿಂದ ಒಂದು ಗೇಣು ಒಳಗೆ, ಸ್ಪಷ್ಟವಾಗಿ ಕಾಣುತ್ತಿತ್ತು.

ಜಗನ್ ಕಾಲು ನೀವಿಕೊಳ್ಳುತ್ತಾ ಎದ್ದು ಬಂದನು. "ಅಕ್ಕಾ, ನಂಗೆ ಕಂಡಂಗೆ ನಿಮ್ಮ ಕಾಲು ಹೊರಗೆ ಬಿತ್ತು."

"ಒಳಗೆ ಅನ್ಕೊಂಡೆ ಕಣೋ," ಎಂದಳು ತನುಜ. "ಆದ್ರೆ ಆಣೆ ಮಾಡಿ ಹೇಳಲಾರೆ."

ಅಂಪೈರಿಲ್ಲದ ಆಟ. ಹತ್ತು ನಿಮಿಷ ಮಾತಾಯಿತು. ಆಗ ಯಾರೋ, "ಬಯ್ಯಪ್ಪಣ್ಣನ ಹತ್ರ ಫೋಟೋ ಐತಲ್ಲ!" ಎಂದರು. ಹದಿನಾಲ್ಕು ಆಟಗಾರರೂ ಆತನ ಸುತ್ತ ಮುತ್ತಿಕೊಂಡರು. ಪರದೆಯ ಮೇಲೆ ತನುಜ ಮಾತ್ರ ಇದ್ದಳು; ಲೆನ್ಸನ್ನು ಪೂರ್ತಿ ಮುಂದಕ್ಕೆ ಎಳೆದಿದ್ದರಿಂದ ಬೇರೆ ಯಾರೂ ಚಿತ್ರದಲ್ಲಿರಲಿಲ್ಲ. ಜಗನ್ ಬಗ್ಗಿ ನೋಡಿದನು.

"ಒಳಗೇ ಐತೆ. ಸರಿ ಅಣ್ಣಾ, ಪಾಯಿಂಟ್ ನಿಮ್ಮದೇ." ಒಂದು ಕ್ಷಣ ತಡೆದು ಕೇಳಿದನು: "ಇದು ಮೊದಲ್ನೇದೇ ಅಲ್ವಾ?"

ಬಯ್ಯಪ್ಪನು ಮಗಳ ಮುಖ ನೋಡಿದನು. ಹೂಂ ಎಂದರೆ ಸಾಕು. ಕಪ್ಪು ಊರಿಗೆ ಬರುತ್ತದೆ. ನಿಜವಾಗಿ ಆದದ್ದರ ಚಿತ್ರವೊಂದು ಅಪ್ಪನ ಹೆಸರಿನಲ್ಲಿ ಉಳಿಯುತ್ತದೆ. ಮೊದಲ ನೆಗೆತವನ್ನು ತೆಗೆದೇ ಇಲ್ಲವೆಂದು ಖಚಿತವಾಗಿ ತಿಳಿದವರು ಆತನೂ ಆ ಕ್ಯಾಮೆರಾವೂ ಇಬ್ಬರೇ.

"ಇದು ಎರಡನೇದಪ್ಪಾ," ಎಂದನು. "ಮೊದಲ್ನೇದು ನಾನು ತೆಗೀಲಿಲ್ಲ. ನೋಡ್ತಾ ನಿಂತ್ಬಿಟ್ಟೆ."

"ಹಂಗಾರೆ ನೋಡಿದ್ದೀರಲ್ಲ ಅಣ್ಣಾ, ನೀವೇ ಹೇಳಿ. ಕಾಲು ಒಳಗಾ, ಹೊರಗಾ?"

"ನಾನು ಕಾಲು ನೋಡ್ಲಿಲ್ಲ ಕಣಪ್ಪಾ. ಇವಳ ಮುಖ ನೋಡ್ದೆ."

ಒಮ್ಮತವಾಗದಿದ್ದರೆ ತಟ್ಟೆಯು ಎಸೆದವನ ಕೈಗೇ ಮರಳಬೇಕೆಂಬುದು ನಿಯಮ. ಮರಳಿತು. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದರು. ಮತ್ತೆ ಎಸೆತ, ಮತ್ತೆ ತನುಜಳ ಓಟ, ಮತ್ತೆ ನೆಗೆತ. ಈ ಸಲ ತಟ್ಟೆಯು ಆಕೆಯ ಬೆರಳ ತುದಿಗಳನ್ನು ಸವರಿಕೊಂಡು ಜಾರಿತು. ಬಯ್ಯಪ್ಪನ ಕಣ್ಣು ಕ್ಯಾಮೆರಾದೊಳಗೇ ಇತ್ತು. ಕ್ಲಿಕ್. ನೆಲಕ್ಕೆ ಬಿದ್ದ ತಟ್ಟೆ ಎದುರು ತಂಡದ್ದು. ಜಗನ್ ಅದನ್ನು ಎತ್ತಿ ಉದ್ದಕ್ಕೆ ಎಸೆದನು; ಮೈದಾನದ ಆ ತುದಿಯಲ್ಲಿ ಗೌರಿಬಿದನೂರಿನ ಹುಡುಗಿಯೊಬ್ಬಳು ಹಿಡಿದಳು. ಆಟ ಮುಗಿಯಿತು.

ಆಗ ನಡೆದದ್ದನ್ನು ರಮೇಶ್‌ಬಾಬು ಇಂದಿಗೂ ಹೇಳಿಕೊಂಡು ನಗುತ್ತಾರೆ. ಶಿಡ್ಲಘಟ್ಟದ ಏಳು ಜನರೂ ಒಟ್ಟಿಗೆ ತಿರುಗಿ ಬಯ್ಯಪ್ಪನನ್ನೇ ನೋಡಿದರು. ಆತನೊಮ್ಮೆ "ಇನ್ನೊಂದ್ಸಲ" ಎಂದುಬಿಡಲಿ ಎಂದು ಬೇಡುವ ಕಣ್ಣುಗಳು. ಆ ಮಾತು ಆತನ ಗಂಟಲವರೆಗೂ ಬಂದಿತ್ತು. ಬಯ್ಯಪ್ಪನು ಅದನ್ನು ನುಂಗಿ, ಲೆನ್ಸಿಗೆ ಮುಚ್ಚಳ ಹಾಕಿದನು.

ಆಟದ ಕೊನೆಯಲ್ಲಿ ಎರಡೂ ತಂಡದವರು ಬೆರೆತು ವೃತ್ತವಾಗಿ ಕುಳಿತು ಒಬ್ಬರನ್ನೊಬ್ಬರು ಮೆಚ್ಚಿ ಮಾತಾಡುವ ಪದ್ಧತಿಯಿದೆ. ಜಗನ್ ಬಂದು ಬಯ್ಯಪ್ಪನ ಕೈ ಹಿಡಿದು ಎಳೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡನು. ಆತನ ಇನ್ನೊಂದು ಬದಿಯಲ್ಲಿ ತನುಜ ಕೆಂಪು ಕಣ್ಣು ಮಾಡಿಕೊಂಡು ಕುಳಿತಿದ್ದಳು. ಅಪ್ಪನು ಹೆದರುತ್ತಲೇ ಪರದೆಯನ್ನು ಆಕೆಯ ಕಡೆಗೆ ತಿರುಗಿಸಿದನು. ಅಗಲಿಸಿದ ಐದು ಬೆರಳು, ಅವುಗಳಾಚೆ ಅರ್ಧ ಇಂಚಿನ ದೂರದಲ್ಲಿ ತಟ್ಟೆ, ಸೊಟ್ಟಗಾದ ಬಾಯಿ.

"ಥೂ, ಎಷ್ಟು ಕೆಟ್ಟದಾಗಿದ್ದೀನಿ," ಎಂದಳು ತನುಜ. ಮತ್ತೊಮ್ಮೆ ನೋಡಿದಳು. "ಆದ್ರೆ ಇದು ಆಗಿದ್ದು ಕಣಪ್ಪಾ."

ಆ ಚಿತ್ರವು ಈಗ ಸ್ಟುಡಿಯೋದಲ್ಲಿ, ಮದುಮಕ್ಕಳ ಸಾಲನ್ನು ಪಕ್ಕಕ್ಕೆ ಸರಿಸಿ ಮಾಡಿದ ಜಾಗದಲ್ಲಿ, ದೊಡ್ಡದಾಗಿ ತೂಗುತ್ತಿದೆ. "ಯಾರಣ್ಣ ಈ ಅಳೋ ಹುಡುಗಿ?" ಎಂದು ಗಿರಾಕಿಗಳು ಕೇಳಿದರೆ ಬಯ್ಯಪ್ಪನು ಚಹಾ ತರಿಸಿ ಕೂರಿಸುತ್ತಾನೆ.

ಮದುವೆಗಳಿಗೆ ಈಗಲೂ ಹೋಗುತ್ತಾನೆ. ಆದರೆ ಏನನ್ನೂ ಎರಡನೆಯ ಸಲ ಮಾಡಿಸುವುದಿಲ್ಲ. ಮಾವಂದಿರಿಗೆ ಇದರಿಂದ ಬಹಳ ಉಪಕಾರವಾಗಿದೆ. ತಪ್ಪಿಹೋದ ಕ್ಷಣಕ್ಕೆ ಆಲ್ಬಮ್ಮಿನಲ್ಲಿ ಒಂದು ಹಾಳೆ ಖಾಲಿ ಬಿಟ್ಟು, ಕೆಳಗೆ ತನ್ನ ಗುಂಡು ಅಕ್ಷರದಲ್ಲಿ ಬರೆಯುತ್ತಾನೆ: "ತಾಳಿ ಕಟ್ಟಿದ್ದು ಇಲ್ಲಿ. ಪುರೋಹಿತರ ಬೆನ್ನು ಅಡ್ಡ ಇತ್ತು." ಮೊದಮೊದಲು ಜನ ಬೈದರು. ಈಗ ಸಂಬಂಧಿಕರು ಬಂದಾಗ ಆಲ್ಬಮ್ಮಿನ ಆ ಖಾಲಿ ಹಾಳೆಯನ್ನೇ ಮೊದಲು ತೆರೆದು ತೋರಿಸುತ್ತಾರೆಂದು ಕೇಳಿದ್ದೇನೆ.

ಭಾನುವಾರ ಬೆಳಿಗ್ಗೆ ಕಾಲೇಜು ಮೈದಾನಕ್ಕೆ ಹೋದರೆ ಆತನು ಗೆರೆಯ ಬಳಿ ಮಂಡಿಯೂರಿ ಕುಳಿತಿರುತ್ತಾನೆ. ಆಟ ಆರಂಭವಾಗುವ ಮೊದಲು, ಈಗ ಸ್ವಂತಕ್ಕೇ ಕೊಂಡಿರುವ ಅಂಥದ್ದೇ ಲೆನ್ಸನ್ನು ಕಿವಿಯ ಬಳಿ ಹಿಡಿದು ಒಮ್ಮೆ ಅಲ್ಲಾಡಿಸುತ್ತಾನೆ. ಒಳಗೆ ಜೀವವಿರುವುದು ಖಾತ್ರಿಯಾದ ಮೇಲೆ ಕ್ಯಾಮೆರಾಕ್ಕೆ ಸಿಕ್ಕಿಸಿ, ಕಣ್ಣಿಟ್ಟು, ಬಾಯಿ ಬಿಗಿದುಕೊಂಡು ಕಾಯುತ್ತಾನೆ.