ಕೊನೆಯ ಪೀಚ್ ಹಣ್ಣು ಬೀಳುವ ತನಕ

ನಮ್ಮ ಬ್ರಿವಾಲಿನಲ್ಲಿ ಒಂದು ಕಾಲಕ್ಕೆ ಮನುಷ್ಯರಿಗಿಂತ ಗೋಡೆಗಳೇ ಹೆಚ್ಚಿದ್ದವು. ಪ್ಯಾರಿಸ್ಸಿನ ಸೆರಗಿಗೆ ಅಂಟಿಕೊಂಡ ಊರು, ಕಳ್ಳರಿಗೆ ಹೆದರಿ ಕಟ್ಟಿಕೊಂಡಿದ್ದಾರೆ ಅಂದುಕೊಳ್ಳಬೇಡಿ. ಗೋಡೆ ಕಟ್ಟಿದ್ದು ಪೀಚ್ ಹಣ್ಣಿಗೋಸ್ಕರ. ಹಗಲೆಲ್ಲ ಬಿಸಿಲು ಕುಡಿದ ಬಿಳಿ ಗಾರೆ ರಾತ್ರಿಯೆಲ್ಲ ಮರಕ್ಕೆ ಶಾಖ ಕೊಡುತ್ತಿತ್ತು. ಎಂಥ ಶಾಖ ಅಂದರೆ, ಜನವರಿಯಲ್ಲಿ ಬೆಕ್ಕುಗಳು ಒಲೆ ಬಿಟ್ಟು ಬಂದು ಗೋಡೆಗೆ ಒರಗುತ್ತಿದ್ದವು. ಸೋಮಾರಿ ಹೆಂಗಸೊಬ್ಬಳು ಅದೇ ಗೋಡೆಯ ಮೇಲೆ ಮೊಟ್ಟೆ ಒಡೆದು ಬೇಯಿಸಿಕೊಂಡಳು ಎಂಬ ಮಾತೂ ಇದೆ. ಮೊಟ್ಟೆಯ ಮಾತನ್ನು ನಂಬದಿದ್ದರೆ ಬಿಡಿ, ಬೆಕ್ಕಿನದನ್ನಾದರೂ ನಂಬಿ.

ಸೆಲೆಸ್ತೀನ್ ಹುಟ್ಟಿದ್ದು ಅಂಥದೊಂದು ಗೋಡೆಯ ಬುಡದಲ್ಲೇ. ಹಣ್ಣು ಕೀಳುತ್ತಿದ್ದ ತಾಯಿಗೆ ನೋವು ಬಂತು, ಬುಟ್ಟಿ ಇಳಿಸಿದಳು, ಹೆತ್ತಳು, ಮತ್ತೆ ಬುಟ್ಟಿ ಎತ್ತಿಕೊಂಡಳು. ಹೀಗೆಂದು ಸೆಲೆಸ್ತೀನಳೇ ಹೇಳುತ್ತಿದ್ದಳು. ಹೇಳಿದಷ್ಟು ಸಲವೂ ಆ ಬುಟ್ಟಿ ದೊಡ್ಡದಾಗುತ್ತಿತ್ತು. ಹುಡುಗಿಯಾಗಿದ್ದಾಗ ಅವಳ ಕೆಲಸ ಹಣ್ಣಿನ ಮೈಮೇಲಿನ ನವಿರನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯುವುದು. ಪ್ಯಾರಿಸ್ಸಿನ ದೊರೆಸಾನಿಯರ ತುಟಿಗೆ ಆ ನವಿರು ಚುಚ್ಚಬಾರದಲ್ಲ! ಅದು ಇವಳ ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತಿತ್ತು. ಬ್ರಿವಾಲಿನ ಹೆಣ್ಣನ್ನು ಇಗರ್ಜಿಯಲ್ಲಿ ಗುರುತು ಹಿಡಿಯುವುದು ಸುಲಭ, ಎಲ್ಲರೂ ಕೈ ಮುಗಿದಿದ್ದಾಗ ಅವಳೊಬ್ಬಳು ಬೆನ್ನು ಕೆರೆದುಕೊಳ್ಳುತ್ತಿರುತ್ತಾಳೆ ಅಂತ ಪಕ್ಕದೂರಿನವರ ಹಾಸ್ಯ.

ಪಕ್ಕದ ಗೋಡೆಯ ಗಾಸ್ತೋನನನ್ನು ಮದುವೆಯಾದಳು. ಅವನು ಯುದ್ಧಕ್ಕೆ ಹೋದವನು ಬರಲಿಲ್ಲ. ಮದುವೆಯ ಕಪ್ಪು ಪ್ಯಾಂಟು ಮಾತ್ರ ಮೊಳೆಗೆ ನೇತುಬಿದ್ದಿತ್ತು. ಬೇರೆಯವರಾಗಿದ್ದರೆ ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅಳುತ್ತಿದ್ದರು. ಅವಳು ಕತ್ತರಿ ತಂದು ಪಟ್ಟಿಪಟ್ಟಿಯಾಗಿ ಕತ್ತರಿಸಿ ಗೋಡೆಗೆ ಹೊಡೆದಳು.

ಇಲ್ಲಿನ ರೂಢಿಯೇ ಅದು. ಪೀಚ್ ಮರವನ್ನು ಬೀಸಣಿಗೆ ಬಿಚ್ಚಿದ ಹಾಗೆ ಗೋಡೆಗೆ ಹರಡಿ ಬೆಳೆಸಬೇಕು. ಒಂದೊಂದು ರೆಂಬೆಗೂ ಹಳೇ ಉಣ್ಣೆಬಟ್ಟೆಯ ಪಟ್ಟಿ ಸುತ್ತಿ, ಎರಡು ತುದಿ ಜೋಡಿಸಿ ಗಾರೆಗೆ ಮೊಳೆ ಬಡಿಯಬೇಕು. ದಾರವಾದರೆ ಕೊಯ್ಯುತ್ತದೆ, ತಂತಿಯಾದರೆ ಕಾದು ಸುಡುತ್ತದೆ. ಬಟ್ಟೆ ಮಾತ್ರ ನಡೆಯಲು ಕಲಿಯುವ ಮಗುವನ್ನು ಹಿಡಿದಂತೆ ಹಿಡಿಯುತ್ತದೆ. ಹಾಗಾಗಿ ಬ್ರಿವಾಲಿನಲ್ಲಿ ಜನ ಸಾಯುತ್ತಿದ್ದರು, ಅವರ ಬಟ್ಟೆ ಸಾಯುತ್ತಿರಲಿಲ್ಲ. ಪಾದ್ರಿಯ ನಿಲುವಂಗಿ, ಅಂಚೆಯವನ ಕೋಟು, ಓಡಿಹೋದ ಸೊಸೆಯ ಲಂಗ, ಎಲ್ಲ ಸೆಲೆಸ್ತೀನಳ ಗೋಡೆಗೇ ಬಂದು ಸೇರುತ್ತಿದ್ದವು. ಯಾವ ಚೂರು ಯಾರದೆಂದು ಅವಳಿಗೆ ಬಾಯಿಪಾಠ. ಹೊಸ ಮದುಮಕ್ಕಳು ಹಣ್ಣು ಕೇಳಲು ಬಂದರೆ ನಿಲ್ಲಿಸಿ ತೋರಿಸುತ್ತಿದ್ದಳು: “ನೋಡಮ್ಮಾ, ಈ ರೆಂಬೇನ ಹಿಡ್ಕೊಂಡಿರೋದು ನಿನ್ನ ಗಂಡನ ತಾತನ ಕುಂಡಿ. ಬಲೇ ಗಟ್ಟಿ. ಮೊಮ್ಮಗಂದು ಹೆಂಗೋ ನಂಗೊತ್ತಿಲ್ಲ.”

ಆಮೇಲೆ ರೈಲು ದಕ್ಷಿಣದಿಂದ ಅಗ್ಗದ ಹಣ್ಣು ತಂದು ಸುರಿಯಿತು. ಒಂದೊಂದೇ ಗೋಡೆ ಬಿತ್ತು. ಬಿದ್ದ ಕಡೆ ಕಾರ್ಖಾನೆ, ಕಾರ್ಖಾನೆಯ ಬೆನ್ನಿಗೆ ಜನ, ಜನರ ಬೆನ್ನಿಗೆ ಕಾಂಕ್ರೀಟಿನ ಕಟ್ಟಡಗಳು ಬಂದವು. ಅರವತ್ತರ ದಶಕ ಅರ್ಧ ಮುಗಿಯುವಷ್ಟರಲ್ಲಿ ಹಣ್ಣು ಬಿಡುವ ಗೋಡೆಯೆಂದು ಉಳಿದದ್ದು ಸೆಲೆಸ್ತೀನಳದೊಂದೇ. ಅದರ ನೆಲವೂ ಅವಳದಲ್ಲ. ನೆಲದ ಯಜಮಾನ ದೂರದ ಲಿಯೋನಿನಲ್ಲಿ ಕೂತುಕೊಂಡೇ ಅದನ್ನು ಪುರಸಭೆಗೆ ಮಾರಿಬಿಟ್ಟಿದ್ದ. ಅಲ್ಲಿ ಆರಂತಸ್ತಿನ ಕಟ್ಟಡ ಏಳಬೇಕಿತ್ತು.

ಮೇಯರ್ ಮಾರ್ಸೋ ತಾರ್ದಿಫ್ ಅವಳನ್ನು ಒಪ್ಪಿಸಲು ಗೋದೆ ಎಂಬವನು ನಡೆಸುತ್ತಿದ್ದ ಕೆಫೆಗೆ ಕರೆಸಿದ. ಅವನೂ ಪೀಚ್ ಬೆಳೆಗಾರನ ಮಗನೇ, ಸೆಲೆಸ್ತೀನಳ ಮಡಿಲಲ್ಲಿ ಉಚ್ಚೆ ಹೊಯ್ದು ಬೆಳೆದವನು. ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದ.

“ಚಿಕ್ಕಮ್ಮಾ, ಹೊಸಾ ಕಟ್ಟಡದಲ್ಲಿ ನಿಮಗೆ ನೆಲಮಹಡಿ ಮನೆ. ನಲ್ಲಿ ತಿರುಗಿಸಿದ್ರೆ ಸಾಕು, ಬಿಸಿನೀರು!”

“ಬಿಸಿನೀರಲ್ಲಿ ಯಾರನ್ನ ಬೇಯಿಸ್ಲಿ? ನಿನ್ನನ್ನಾ?”

ಕೆಫೆಯಲ್ಲಿದ್ದವರೆಲ್ಲ ನಕ್ಕರು. ಮೇಯರನೂ ನಕ್ಕ, ಇನ್ನೇನು ಮಾಡಿಯಾನು.

“ಬುಲ್ಡೋಜರ್ ಬಂದು ನಿಂತಿದೆ ಚಿಕ್ಕಮ್ಮಾ.”

“ಹಣ್ಣಿರೋ ಮರದ ಮೇಲೆ ಹತ್ತಿಸ್ತೀಯೇನೋ ಅದನ್ನ? ನಿಮ್ಮಪ್ಪ ಇದ್ದಿದ್ರೆ ನಿನ್ನ ಕಿವೀನ ಮೊಳೆ ಹೊಡೆದು ಗೋಡೆಗೆ ನೇತು ಹಾಕ್ತಿದ್ದ!”

ಅಪ್ಪನ ಹೆಸರು ಬಂತು, ಮೇಯರ್ ಮೆತ್ತಗಾದ. ಕೈಯಲ್ಲಿದ್ದ ವೈನಿನ ಲೋಟ ಎತ್ತಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಆಯ್ತು. ಕೊನೇ ಹಣ್ಣು ಬೀಳೋ ತನಕ ಆ ಗೋಡೇನ ಯಾರೂ ಮುಟ್ಟಲ್ಲ. ಮಾತು ಕೊಟ್ಟೆ.”

ಅದು ಸೆಪ್ಟೆಂಬರ್. ಇನ್ನೇನು ಎರಡು ವಾರ ಅಂತ ಅವನ ಲೆಕ್ಕ. ಸೆಲೆಸ್ತೀನ್ ಎಲ್ಲ ಹಣ್ಣು ಕಿತ್ತಳು, ಮಾರಿದಳು, ಹಂಚಿದಳು. ತುತ್ತತುದಿಯ ರೆಂಬೆಯಲ್ಲಿ ಒಂದನ್ನು ಮಾತ್ರ ಬಿಟ್ಟಳು. ಏಣಿ ಹತ್ತಿ ಆ ಹಣ್ಣಿಗೆ ಗಾಸ್ತೋನನ ಉಣ್ಣೆಯ ಕಾಲುಚೀಲ ತೊಡಿಸಿ, ಅವನ ಪ್ಯಾಂಟಿನ ಪಟ್ಟಿಯಿಂದ ಬಿಗಿದು, ಗೋಡೆಗೆ ನಾಲ್ಕು ಮೊಳೆ ಜಡಿದು ಕೆಳಗಿಳಿದಳು. ಹಣ್ಣು ಇನ್ನು ಬೀಳುವುದಾದರೆ ಗೋಡೆಯ ಸಮೇತ ಬೀಳಬೇಕಿತ್ತು.

ಅಕ್ಟೋಬರ್ ಹೋಯಿತು. ಹಣ್ಣು ಬೀಳಲಿಲ್ಲ. ಎಲೆಗಳೆಲ್ಲ ಉದುರಿದ ಮರದಲ್ಲಿ ಒಂದು ಕಾಲುಚೀಲ ಮಾತ್ರ ನೇತಾಡುತ್ತಿತ್ತು. ಜನ ಭಾನುವಾರದ ಪೂಜೆ ಮುಗಿಸಿ ನೇರ ಅಲ್ಲಿಗೇ ಬಂದು ಕತ್ತೆತ್ತಿ ನಿಲ್ಲುತ್ತಿದ್ದರು. ಪೂಜೆಗೆ ಹೋಗದವರೂ ಬರುತ್ತಿದ್ದರು. ಮೇಯರ್ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟ. ಕೊಟ್ಟ ಮಾತು ಕೆಫೆಯಲ್ಲಿ ಕೊಟ್ಟದ್ದು. ಇಗರ್ಜಿಯಲ್ಲಿ ಕೊಟ್ಟಿದ್ದರೆ ದೇವರ ಹತ್ತಿರ ಹೇಗಾದರೂ ಮಾತಾಡಿಕೊಳ್ಳಬಹುದಿತ್ತು.

ಬುಲ್ಡೋಜರಿನವನ ಹೆಸರು ಅಬೀಲಿಯೋ, ಪೋರ್ಚುಗಲ್ಲಿನಿಂದ ಬಂದವನು. ದಿನಾ ಬೆಳಗ್ಗೆ ಬಂದು ಯಂತ್ರದ ಮೇಲೆ ಕೂತು, ಬ್ರೆಡ್ಡಿನೊಳಗೆ ಸಾರ್ಡೀನ್ ಮೀನಿಟ್ಟುಕೊಂಡು ತಿಂದು, ಹಣ್ಣನ್ನು ನೋಡಿ ಹೋಗುತ್ತಿದ್ದ. ಸೆಲೆಸ್ತೀನಳಿಗೆ ಶತ್ರುವಿನ ಹೊಟ್ಟೆಯೂ ಹೊಟ್ಟೆಯೇ. ಈರುಳ್ಳಿ ಕಾಂಡದ ಸೂಪನ್ನು ಬಟ್ಟಲಿಗೆ ಬಗ್ಗಿಸಿ ಕೊಡುತ್ತಿದ್ದಳು. ಅವನು ಕುಡಿದು, “ಮೆರ್ಸಿ, ಮದಾಂ,” ಅಂತ ಉಪಕಾರ ಹೇಳುತ್ತಿದ್ದ. ಅಷ್ಟೇ ಮಾತು.

ನವೆಂಬರಿನ ಜಡಿಮಳೆಯಲ್ಲಿ ಒಂದು ಬೆಳಗ್ಗೆ ಅವನು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದ.

“ಏನಯ್ಯಾ ಇದು, ಚರಂಡೀಲಿ ಮಲಗಿದ್ಯಾ?”

“ಹೂಂ ಮದಾಂ,” ಅಂದ ಅವನು, ತಮಾಷೆಯಿಲ್ಲದೆ. “ಅಲ್ಲೇ ಹೊಳೇ ಪಕ್ಕ, ಹಲಗೆ ಮನೆಗಳಿವೆಯಲ್ಲಾ, ಅಲ್ಲಿ. ಈ ಕಟ್ಟಡ ಎದ್ರೆ ನಮಗೆ ಮೂರನೇ ಅಂತಸ್ತು ಅಂದಿದ್ದಾರೆ. ಈ ಚಳಿಗಾಲ ಅಂತೂ ಅಲ್ಲೇ ಕಳೀಬೇಕು. ಮುಂದಿನ ಚಳಿಗಾದ್ರೂ...”

ಸೆಲೆಸ್ತೀನಳ ಕೈಯಲ್ಲಿದ್ದ ಸೌಟು ನಿಂತಿತು.

“ತಿಂಗಳಿಂದ ನನ್ನ ಸೂಪು ಕುಡೀತಿದ್ದೀಯ. ಒಂದಿನ ಬಾಯಿ ಬಿಟ್ಯಾ?”

“ಹೇಳಿದ್ರೆ ಸೂಪು ನಿಂತೋಗುತ್ತೆ ಅಂತ ಹೆದರಿಕೆ ಮದಾಂ.”

ಮಧ್ಯಾಹ್ನ ಅವಳು ಸೂಪಿನ ಪಾತ್ರೆ ಹೊತ್ತು ಹೊಳೆಯ ಕಡೆ ನಡೆದಳು. ಊರಿನಲ್ಲೇ ಹುಟ್ಟಿ ಮುದುಕಿಯಾದವಳು ಆ ದಿಕ್ಕಿಗೆ ಹೋಗಿದ್ದು ಅದೇ ಮೊದಲು. ತಗಡು, ಹಲಗೆ, ಟಾರು ಬಳಿದ ಕಾಗದ. ಒಂದು ಮನೆಯ ಮುಂದೆ ತುಂಬು ಬಸುರಿಯೊಬ್ಬಳು ಬಾಯಲ್ಲಿ ಮೊಳೆ ಕಚ್ಚಿಕೊಂಡು ನಿಂತಿದ್ದಳು. ಅಬೀಲಿಯೋನ ಹೆಂಡತಿ, ದಿಯೋಲಿಂದಾ. ಹಲಗೆಗಳ ಸಂದಿಗೆ ಹಳೇ ಬಟ್ಟೆಯ ಪಟ್ಟಿ ತುರುಕಿ, ಅದರ ಮೇಲೆ ಮೊಳೆ ಬಡಿಯುತ್ತಿದ್ದಳು.

ಸೆಲೆಸ್ತೀನ್ ಪಾತ್ರೆ ಇಳಿಸಿ ಆ ಗೋಡೆಯ ಹತ್ತಿರ ಹೋದಳು. ಒಂದು ಪಟ್ಟಿಯನ್ನು ಬೆರಳಲ್ಲಿ ಹಿಡಿದು ಕೇಳಿದಳು: “ಇದು ಯಾರದು?”

“ನಮ್ಮಪ್ಪಂದು. ಹೊಲಕ್ಕೆ ಹೋಗುವಾಗ ಹಾಕ್ಕೊಳ್ತಿದ್ದದ್ದು,” ಅಂದಳು ಅವಳು ಬಾಯಿಂದ ಮೊಳೆ ತೆಗೆದು.

“ಒಳ್ಳೇ ಉಣ್ಣೆ. ಆದ್ರೆ ಮೊಳೆ ನೇರ ಹೊಡೀಬೇಡ ಕಣೇ, ಕಿತ್ಕೊಂಡು ಬರುತ್ತೆ. ಸ್ವಲ್ಪ ಓರೆಯಾಗಿ ಹೊಡಿ.” ಸುತ್ತಿಗೆ ಇಸಿದುಕೊಂಡು ತಾನೇ ಎರಡು ಬಡಿದು ತೋರಿಸಿದಳು. ಗಾಳಿ ಮಾತ್ರ ಮಿಕ್ಕ ಸಂದಿಗಳಲ್ಲೆಲ್ಲ ಶಿಳ್ಳೆ ಹೊಡೆಯುತ್ತಲೇ ಇತ್ತು. ಅಷ್ಟು ಸಂದಿಗೆ ಸಾಲುವಷ್ಟು ಬಟ್ಟೆ ಆ ಮನೆಯಲ್ಲಿರಲಿಲ್ಲ.

ಮರುದಿನ ಬೆಳಗ್ಗೆ ಸೆಲೆಸ್ತೀನ್ ಏಣಿ ಹತ್ತಿದಳು. ಕಾಲುಚೀಲ ಬಿಚ್ಚಿದಳು. ಹಣ್ಣನ್ನು ಕತ್ತರಿಸಿ ಒಂದು ಹೋಳು ತಾನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಅಬೀಲಿಯೋಗೆ ಕೊಟ್ಟಳು. ಆ ಹಣ್ಣಿನ ರುಚಿಯ ಬಗ್ಗೆ ಊರಲ್ಲಿ ಅಮೃತ ಅಂತೆಲ್ಲ ಹೇಳುತ್ತಾರೆ. ಸುಳ್ಳು ಹೇಳುವುದರಲ್ಲಿ ಯಾರಿಗೂ ಕಡಿಮೆಯಿಲ್ಲದ ನನಗೂ ಇದೊಂದು ಸುಳ್ಳು ಬಾಯಿಗೆ ಬಾರದು. ಅದು ಒದ್ದೆ ಹತ್ತಿಯ ಹಾಗಿತ್ತು.

“ಹೆಂಗಿದೆ?”

“ತುಂಬಾ... ಚೆನ್ನಾಗಿದೆ ಮದಾಂ,” ಅಂದ ಅಬೀಲಿಯೋ, ಕಷ್ಟಪಟ್ಟು ನುಂಗುತ್ತಾ.

“ಸುಳ್ಳಾ! ಇಕ್ಕಳ ತಗೊಂಡು ಬಾ.”

ಮೊಳೆ ಕೀಳಲು ಇಬ್ಬರೂ ಶುರು ಮಾಡಿದರು. ಸುದ್ದಿ ಕೇಳಿ ಮೇಯರ್ ಓಡೋಡಿ ಬಂದ.

“ಬಿತ್ತಾ ಚಿಕ್ಕಮ್ಮಾ?”

“ಬೀಳ್ಲಿಲ್ಲ. ನಾನೇ ಕಿತ್ತೆ. ಗೆದ್ದೆ ಅಂತ ಹಿಗ್ಗಬೇಡ. ಕೋಟು ಬಿಚ್ಚಿ ನೀನೂ ಕೀಳು ಬಾ.” ಒಂದು ಬಿಳಿ ಚೂರನ್ನು ಅವನ ಮುಖಕ್ಕೆ ಹಿಡಿದಳು. “ಇದು ನೀನು ಚಿಕ್ಕವನಿದ್ದಾಗ ಇಗರ್ಜೀಲಿ ಮೊದಲ ಪ್ರಸಾದ ತಗೊಂಡ ದಿನದ ಚಡ್ಡಿ. ಇದನ್ನೂ ಮೂಟೆಗೆ ಹಾಕು. ನೀನು ಬೇರೆ ಯಾವುದಕ್ಕೂ ಆಗದಿದ್ರೂ ನಿನ್ನ ಚಡ್ಡಿ ಒಂದು ಸಂದಿ ಮುಚ್ಚಲಿ.”

ಮೇಯರ್ ಕೋಟು ಬಿಚ್ಚಿದ. ಕೆಫೆಯಲ್ಲಿದ್ದವರೂ ಬಂದರು. ಮೂರು ತಲೆಮಾರಿನ ಬಟ್ಟೆ ಮೂಟೆ ಮೂಟೆಯಾಗಿ ಹೊಳೆಯ ಕಡೆಗೆ ಹೋಯಿತು. ಆ ಚಳಿಗಾಲ ಬ್ರಿವಾಲಿನ ತಾತ ಮುತ್ತಾತರ ಪ್ಯಾಂಟುಗಳೆಲ್ಲ ಸೇರಿ ಆ ಹಲಗೆ ಮನೆಗಳಿಗೆ ಗಾಳಿ ತಡೆದವು. ಪಾದ್ರಿಯ ನಿಲುವಂಗಿಯ ಚೂರಿದ್ದ ಮನೆಯೊಳಗೆ ನೆಗಡಿಯೂ ಸುಳಿಯಲಿಲ್ಲವಂತೆ. ಮರಗಳ ಕೈ ಬಿಡಿಸಿದ ಮೇಲೆ ಅಬೀಲಿಯೋ ಗೋಡೆ ಉರುಳಿಸಿದ. ಸೆಲೆಸ್ತೀನ್ ಆ ಹೊತ್ತಿಗೆ ಅಲ್ಲಿರಲಿಲ್ಲ. ದಿಯೋಲಿಂದಾಳ ಮನೆಯಲ್ಲಿ ಓರೆಯಾಗಿ ಮೊಳೆ ಬಡಿಯುತ್ತಿದ್ದಳು, ಬೇಕಾದ್ದಕ್ಕಿಂತ ಜೋರಾಗಿ.

ಅವಳ ಏಪ್ರನ್ನಿನ ಜೇಬಿನಲ್ಲಿ ಎರಡೇ ವಸ್ತು ಉಳಿದಿದ್ದವು: ಆ ಹಣ್ಣಿನ ಓಟೆ, ಗಾಸ್ತೋನನ ಪ್ಯಾಂಟಿನ ಒಂದು ಪಟ್ಟಿ.

ಮುಂದಿನ ವರ್ಷ ಕಟ್ಟಡ ಎದ್ದಿತು. ನೆಲಮಹಡಿಗೆ ಬಂದ ಸೆಲೆಸ್ತೀನ್ ಬಿಸಿನೀರಿನ ನಲ್ಲಿಯನ್ನು ತಿರುಗಿಸಿಯೂ ನೋಡಲಿಲ್ಲ. ಹೊರಗೆ ಹೋಗಿ ಕಟ್ಟಡಕ್ಕೆ ಒಂದು ಸುತ್ತು ಬಂದು, ತಲೆಯೆತ್ತಿ ಕೂಗಿದಳು: “ಏ ಅಬೀಲಿಯೋ! ದಕ್ಷಿಣದ ಬಿಸಿಲಿಗೆ ಇಷ್ಟೆತ್ತರ ಗೋಡೆ ಕಟ್ಟಿ ಸುಮ್ಮನೆ ಖಾಲಿ ಬಿಟ್ಟಿದ್ದಾರಲ್ಲೋ ದಡ್ಡರು! ಕಾಂಕ್ರೀಟಿಗೆ ಮೊಳೆ ಇಳಿಯುತ್ತೇನೋ?”

ಮೂರನೇ ಅಂತಸ್ತಿನ ಕಿಟಕಿಯಿಂದ ಅಬೀಲಿಯೋ ಮಗುವನ್ನೆತ್ತಿಕೊಂಡು ಇಣುಕಿದ.

“ಇಳಿಯಲ್ಲ ಮದಾಂ. ಡ್ರಿಲ್ ತರ್ತೀನಿ ತಾಳಿ.”