ಅಂಗಿಯವರ ಎಲೆ

ಮರ್ಕಂಜದ ಕುಮುದಿನಿಗೆ ಕಸೂತಿ ಕಲಿಸಿದವರು ಯಾರೂ ಇಲ್ಲ. ಕಲಿಸಿದ್ದು ಒಂದು ಚೂರು ಬಟ್ಟೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಈಜಿಪ್ಟಿನಲ್ಲಿ ಮಿಲಿಟರಿ ಲಾರಿ ಓಡಿಸಿದ್ದ ಗಂಡ ದುಗ್ಗಪ್ಪ ಅದನ್ನು ಕೈರೋದ ಪೇಟೆಯಿಂದ ತಂದಿದ್ದ. ಅಂಗೈಯಗಲದ ದುಂಡು ನೇಯ್ಗೆ. ನಡುವೆ ಮೀನಿನ ಬಾಲದ ಮೃಗವನ್ನೇರಿದ ಹೆಣ್ಣು, ಕೈಯಲ್ಲಿ ಕನ್ನಡಿ, ತಲೆಯ ಹಿಂದೆ ಗಾಳಿಗೆ ಉಬ್ಬಿದ ಸೆರಗು, ಮುಖದ ಅರ್ಧದಷ್ಟು ಕಣ್ಣು. ಮೈಮೇಲೆ ಬೇರೆ ಬಟ್ಟೆ ಇರಲಿಲ್ಲ. ಮಕರವನ್ನೇರಿದ ಗಂಗೆಯೆಂದು ಕುಮುದಿನಿ ಕೈಮುಗಿದಳು. ಮರುದಿನವೇ ಕೆಂಪು ನೂಲಿನಿಂದ ಅವಳಿಗೊಂದು ರವಕೆ ತೊಡಿಸಿದಳು. ಆ ಎಳೆಗಳನ್ನು ನೋಡುತ್ತ ನೋಡುತ್ತಲೇ ಅವಳ ಕೈ ಪಳಗಿತು.

ಐವತ್ತೇಳನೇ ಇಸವಿಯಲ್ಲಿ ಮಗಳು ಲೋಲಾಕ್ಷಿ ಮೂರನೆಯ ಹೆರಿಗೆಗೆ ತವರಿಗೆ ಬಂದಳು. ಮೊದಲಿನ ಎರಡು ಕೂಸುಗಳು ದಕ್ಕಿರಲಿಲ್ಲ. ಇದಾದರೂ ಉಳಿಯಲೆಂದು ಕುಮುದಿನಿ ಮನೆದೈವದ ಗುಡಿಗೆ ಒಂದು ತೆರೆಯ ಹರಕೆ ಹೇಳಿಕೊಂಡಳು. ಬಟ್ಟೆಯ ನಡುವೆ ಆ ಗಂಗೆಯ ಚೂರನ್ನೇ ಕೂರಿಸಿ, ಸುತ್ತ ಬಳ್ಳಿ ಹೊಲಿದಳು. ಮಳೆಗಾಲದ ಆಟಿ ತಿಂಗಳು ಹುಟ್ಟಿದರೆ ಗುಡಿಯ ಬಾಗಿಲು ಮುಚ್ಚುತ್ತಾರೆ. ಅದಕ್ಕೆ ಮೊದಲು ಒಪ್ಪಿಸಬೇಕಿತ್ತು.

"ಗುಡಿಯ ಗುರಿಕಾರರು ಕೇಳಿದರೆ ಎಂತ ಹೇಳುದು? ಇದು ಯಾವ ದೇವಸ್ಥಾನದ್ದು?" ಎಂದು ಗಂಡನನ್ನು ಕೇಳಿದಳು.

"ದೇವಸ್ಥಾನದ್ದಲ್ಲ ಮಾರಾಯ್ತಿ, ಅಂಗಿಯದ್ದು," ಎಂದ ದುಗ್ಗಪ್ಪ, ವೀಳ್ಯಕ್ಕೆ ಸುಣ್ಣ ಹಚ್ಚುತ್ತ. "ಹಳೇ ಗೋರಿ ಅಗೆದಾಗ ಸಿಕ್ಕಿದ್ದು."

ಅವಳ ಕೈ ತೆರೆಯಿಂದ ಹಿಂದೆ ಸರಿಯಿತು. "ಹೆಣದ ಅಂಗಿಯಾ?"

"ಸಾವಿರಕ್ಕೂ ಮೇಲೆ ವರ್ಷ ಆಯ್ತಂತೆ. ಇನ್ನೂ ಸೂತಕ ಉಂಟಾ?"

"ಬಸುರಿ ಇರುವ ಮನೆ! ಇಷ್ಟು ವರ್ಷ ನಿಮ್ಮ ಬಾಯಲ್ಲಿ ಎಂತ ಇತ್ತು, ಅಡಿಕೆಯಾ?"

"ನೀನು ಕೇಳ್ಲಿಲ್ಲ. ಗಂಗೆ ಅಂದದ್ದೂ ನೀನೇ. ಇವಳು ಗ್ರೀಕರ ಕಥೆಯ ಸಮುದ್ರಕನ್ಯೆ ಅಂದಿದ್ದ ಅಂಗಡಿಯವ. ಊರೆಲ್ಲ ಕ್ರಿಸ್ತನ ಮತಕ್ಕೆ ಹೋದ ಮೇಲೂ ಜನ ಅಂಗಿಯಲ್ಲಿ ಇವಳನ್ನು ಬಿಡ್ಲಿಲ್ಲವಂತೆ."

"ಬಿಡುದು ಹೇಗೆ? ಅಜ್ಜಿ ಹೇಳಿದ ಕಥೆ ಮತದೊಟ್ಟಿಗೆ ಹೋಗ್ತದಾ?" ಎನ್ನುತ್ತಲೇ ಅವಳು ಆ ಚೂರಿನ ಹೊಲಿಗೆ ಬಿಚ್ಚತೊಡಗಿದಳು.

"ಹೊಳೆಗೆ ಬಿಡಲಾ ಇದನ್ನು?"

"ಬೇಡ. ನೇಯ್ದವಳು ಯಾರೋ, ಅವಳಿಂದ ಕಲಿತದ್ದು ನಾನು. ನಿಮ್ಮ ಮಿಲಿಟರಿ ಪೆಟ್ಟಿಗೆಗೇ ಹಾಕಿ. ಪೆಟ್ಟಿಗೆ ಮಾತ್ರ ಕೊಟ್ಟಿಗೆಯ ಅಟ್ಟಕ್ಕೆ ಹೋಗ್ಲಿ."

ಬರಿದಾದ ಜಾಗದಲ್ಲಿ ತನ್ನದೇ ಗಂಗೆಯನ್ನು ಹೊಲಿದಳು. ಈ ಗಂಗೆಗೆ ಸೀರೆಯಿತ್ತು. ಕಣ್ಣು ಮಾತ್ರ ಅಷ್ಟೇ ದೊಡ್ಡದಾಗಿ ಬಂತು. ತೆರೆ ಸಮಯಕ್ಕೆ ಗುಡಿ ಸೇರಿತು. ಆದರೂ ಅವಳ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಅನ್ಯರ ಮೈಯಿಂದ ಕಿತ್ತದ್ದನ್ನು ಇಷ್ಟು ಕಾಲ ಮನೆಯಲ್ಲಿಟ್ಟುಕೊಂಡಿದ್ದೆವಲ್ಲ!

ಆಟಿಯಲ್ಲಿ ಮನೆಯ ಸತ್ತವರಿಗೆ ಬಡಿಸುವ ದಿನ, ಕುಮುದಿನಿ ಸಾಲಿನ ಕೊನೆಗೆ ಇನ್ನೊಂದು ಬಾಳೆಲೆ ಹಾಸಿದಳು.

"ಇದು ಯಾರಿಗೆ?"

"ಅಂಗಿಯವರಿಗೆ."

ದುಗ್ಗಪ್ಪ ತಲೆ ಕೆರೆದುಕೊಂಡ. "ಅವರು ಎಂತ ತಿನ್ತಾರೋ!"

"ರೊಟ್ಟಿ, ಕೋಳಿಸಾರು ಯಾರಿಗೆ ಬೇಡ?"

ಬಡಿಸಿ, ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕಾದರು. ಬಾಗಿಲು ತೆರೆದಾಗ ಅವಳು ನೇರವಾಗಿ ಕೊನೆಯ ಎಲೆಗೆ ಹೋಗಿ, ಅದರ ರೊಟ್ಟಿ ಮುರಿದು, ಮೊದಲ ತುಂಡನ್ನು ಲೋಲಾಕ್ಷಿಗೆ ಕೊಟ್ಟಳು.

ಮರುತಿಂಗಳು, ಸೋಣದಲ್ಲಿ, ಹೆಣ್ಣು ಕೂಸು ಹುಟ್ಟಿತು, ಉಳಿಯಿತು. ಅಂಗಿಯವರ ಎಲೆ ಆ ಮನೆಯಲ್ಲಿ ಆಮೇಲೆ ಒಂದು ವರ್ಷವೂ ತಪ್ಪಲಿಲ್ಲ.